ಮೂರನೆಯ ಕಾವಲುಗಾರನು ಸಾಯದೇ ಎದ್ದು ನಿಂತ ಬಗ್ಗೆ

ಧಾರಾವಾಹಿ ಇಲಾಖೆ
ಬಾಹ್ಯಾಕಾಶ ಶಾಖೆ, ಎರಡನೆಯ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ಧಾಇ/ಬಾಶಾ/ಸಾವು/೯೪೦/ಭಾಗ-೨
ದಿನಾಂಕ: ೨೯, ಶುಕ್ರವಾರ

ಸುತ್ತೋಲೆ

ವಿಷಯ: ಗುರುವಾರದ ಧಾರಾವಾಹಿ ‘ಒಂಬತ್ತನೆಯ ಕಕ್ಷೆ’ಯಲ್ಲಿ ಸಾಯಬೇಕಾದವರು ಸಕಾಲದಲ್ಲಿ ಸಾಯದೇ ಇರುವುದು, ನೌಕೆ ಅಲುಗಾಡುವಾಗ ಸಿಬ್ಬಂದಿಯವರು ತಮಗೆ ತೋಚಿದ ದಿಕ್ಕಿಗೆ ಬೀಳುವುದು, ಇತ್ಯಾದಿ – ಕ್ರಮ ಜರುಗಿಸುವ ಕುರಿತು.

ಉಲ್ಲೇಖ:
(೧) ಎಲ್ಲ ಗ್ರಹಗಳೂ ಒಂದೇ ಕಲ್ಲುಕ್ವಾರಿಯಂತೆ ಕಾಣುತ್ತವೆ ಎಂಬ ವೀಕ್ಷಕರ ದೂರು, ಮತ್ತು ಅದು ಒಂದೇ ಕಲ್ಲುಕ್ವಾರಿ ಎಂಬ ಈ ಕಚೇರಿಯ ಉತ್ತರ.
(೨) ರಾಕ್ಷಸನ ಒಳಗೆ ಗಾಳಿಯಾಡುವುದಿಲ್ಲ ಎಂಬ ಬಡಗಿಯವರ ಮನವಿ.
(೩) ಕಪ್ತಾನರ ಪತ್ರ, ಹನ್ನೊಂದು ಪುಟ.
(೪) ಕೆಳಗೆ ಸಹಿ ಮಾಡಿರುವವರ ಸ್ಥಳ ಪರಿಶೀಲನಾ ವರದಿ.

ಪ್ರಸ್ತಾವನೆ

ಕಳೆದ ಹತ್ತೊಂಬತ್ತು ವರ್ಷಗಳಿಂದ ಗುರುವಾರ ಸಂಜೆ ಏಳಕ್ಕೆ ಪ್ರಸಾರವಾಗುತ್ತಿರುವ ಸದರಿ ಧಾರಾವಾಹಿಯಲ್ಲಿ ಒಂದು ಆಕಾಶನೌಕೆಯು ವಾರಕ್ಕೊಂದು ಹೊಸ ಗ್ರಹಕ್ಕೆ ಹೋಗುವುದೂ, ಅಲ್ಲಿ ಏನಾದರೊಂದು ಎಡವಟ್ಟಾಗುವುದೂ, ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಸರಿಹೋಗಿ ಉಳಿದವರು ನಗುವುದೂ ವಾಡಿಕೆಯಾಗಿರುತ್ತದೆ. ‘ಉಳಿದವರು’ ಎಂಬ ಪದವನ್ನು ಗಮನಿಸುವುದು. ಗ್ರಹಕ್ಕೆ ಇಳಿಯುವ ನಾಲ್ವರ ಪೈಕಿ ಕಪ್ತಾನರು, ವೈದ್ಯರು ಮತ್ತು ವಿಜ್ಞಾನಿ ಕ್ಷೇಮವಾಗಿ ಮರಳತಕ್ಕದ್ದು. ಬೂದು ಅಂಗಿಯ ಮೂರನೆಯ ಕಾವಲುಗಾರ ಮೊದಲ ಜಾಹೀರಾತು ಬರುವುದರೊಳಗೆ ಸಾಯತಕ್ಕದ್ದು. ಗ್ರಹದಲ್ಲಿ ಅಪಾಯವಿದೆಯೆಂದು ವೀಕ್ಷಕರಿಗೆ ಮನವರಿಕೆ ಮಾಡಿಕೊಡಲು ಇದಕ್ಕಿಂತ ಸುಲಭದ ಉಪಾಯ ಇಲ್ಲವೆಂದು ಕಥೆ ಬರೆಯುವವರು ಮೊದಲ ವರ್ಷವೇ ಲಿಖಿತವಾಗಿ ತಿಳಿಸಿರುತ್ತಾರೆ. (ಮೊದಲನೆಯ ಮತ್ತು ಎರಡನೆಯ ಕಾವಲುಗಾರರು ಯಾರೆಂಬ ಬಗ್ಗೆ ಕಡತದಲ್ಲಿ ಮಾಹಿತಿ ಲಭ್ಯವಿಲ್ಲ.)

ಹಿಂದಿನ ವಾರ ಸತ್ತ ಕಾವಲುಗಾರ ಈ ವಾರ ಹೇಗೆ ಬಂದ ಎಂದು ವಿಚಾರಿಸಿದ ವೀಕ್ಷಕರಿಗೆ, ಇದು ಬೇರೆ ಕಾವಲುಗಾರ ಎಂದು ಉತ್ತರಿಸಲಾಗಿದೆ. ಮುಖ ಒಂದೇ ಇದೆಯಲ್ಲಾ ಎಂದವರಿಗೆ ಉತ್ತರಿಸಲಾಗಿಲ್ಲ.

೧. ನಡೆದ ಸಂಗತಿ

ಈ ತಿಂಗಳ ಆರನೆಯ ತಾರೀಖು ಬುಧವಾರ ೯೪೦ನೆಯ ಕಂತಿನ ಹೊರಾಂಗಣ ಚಿತ್ರೀಕರಣವು ಬಸ್ ಡಿಪೋದ ಹಿಂದಿನ ಕಲ್ಲುಕ್ವಾರಿಯಲ್ಲಿ (ಕಥೆಯ ಪ್ರಕಾರ: ಮನುಷ್ಯರು ಇದುವರೆಗೆ ಕಾಲಿಡದ ಗ್ರಹ) ನಡೆದಿರುತ್ತದೆ. ಮೂರನೆಯ ಕಾವಲುಗಾರನ ಪಾತ್ರದಲ್ಲಿ ಎಂದಿನಂತೆ ಶಾಖೆಯ ಖಾಯಂ ಕಲಾವಿದರು ಹಾಜರಿದ್ದರು. ಮೊದಲ ಕಂತಿನಿಂದಲೂ ಇದೇ ಪಾತ್ರ ಮಾಡುತ್ತ ಬಂದ ಇವರನ್ನು ಶಾಖೆಯಲ್ಲಿ ಎಲ್ಲರೂ ‘ಮೂರಣ್ಣ’ ಎಂದೇ ಕರೆಯುವುದರಿಂದ ಈ ಸುತ್ತೋಲೆಯಲ್ಲೂ ಹಾಗೆಯೇ ನಮೂದಿಸಲಾಗಿದೆ.

ಹಾಜರಿ ಪುಸ್ತಕದ ಪ್ರಕಾರ ಮೂರಣ್ಣನವರು ಇದುವರೆಗೆ ಒಟ್ಟು ಒಂಬೈನೂರ ಎರಡು ಸಲ ಸತ್ತಿರುತ್ತಾರೆ. ವಿಷಾನಿಲ, ಮಿಂಚು, ಮಾತಾಡುವ ಬಳ್ಳಿ, ತಲೆಕೆಟ್ಟ ಗಣಕಯಂತ್ರ ಮುಂತಾದವುಗಳಿಂದ ಸತ್ತಿದ್ದಲ್ಲದೆ, ಒಮ್ಮೆ ಒಂದು ಪೆಟ್ಟಿಗೆಯೊಳಗೆ ಇಣುಕಿ ನೋಡಿದ ಮಾತ್ರಕ್ಕೇ ಸತ್ತಿರುವುದು ದಾಖಲಾಗಿದೆ. ಅವರು ರಜೆ ಹಾಕಿದ ದಿನಗಳಲ್ಲಿ ಅವರ ಅಂಗಿಯನ್ನು ತೊಟ್ಟು ಇಲಾಖೆಯ ಜೀಪಿನ ಚಾಲಕರು ಸತ್ತಿರುತ್ತಾರೆ. ಮೂರಣ್ಣನವರು ತಡವಾಗಿ ಸತ್ತರೆಂದಾಗಲಿ, ಅಗತ್ಯಕ್ಕಿಂತ ಹೆಚ್ಚು ಹೊತ್ತು ಒದ್ದಾಡಿದರೆಂದಾಗಲಿ ಒಂದೇ ಒಂದು ದೂರು ಇರುವುದಿಲ್ಲ.

ಅಂದಿನ ಕಥೆಯ ಪ್ರಕಾರ ಬಂಡೆಯ ಹಿಂದಿನಿಂದ ಹಸಿರು ರಾಕ್ಷಸ (ಒಳಗೆ: ಬಡಗಿ) ಹೊರಬಂದು ಮೂರಣ್ಣನವರ ಭುಜ ಮುಟ್ಟುವುದು, ಮೂರಣ್ಣನವರು ‘ಆ’ ಎಂಬ ಒಂದು ಅಕ್ಷರ ಉಚ್ಚರಿಸಿ ಬೀಳುವುದು, ಕಪ್ತಾನರು ಮಂಡಿಯೂರಿ, ಕೈಗವಸಿನ ಮೇಲಿಂದಲೇ ನಾಡಿ ನೋಡಿ, “ಒಳ್ಳೇ ಹುಡುಗ” ಎನ್ನುವುದು. ಸದರಿ ಹುಡುಗನು ಇದೇ ತಿಂಗಳ ಮೂವತ್ತಕ್ಕೆ ವಯೋನಿವೃತ್ತಿ ಹೊಂದಲಿರುವುದನ್ನು ಪ್ರತ್ಯೇಕವಾಗಿ ಗಮನಿಸುವುದು.

ರಾಕ್ಷಸ ಮುಟ್ಟಿದನು. ಮೂರಣ್ಣನವರು ‘ಆ’ ಎಂದು ಬಿದ್ದರು. ನಾಲ್ಕು ಸೆಕೆಂಡು ನಿಯಮದಂತೆ ಬಿದ್ದಿದ್ದರು. ಕಪ್ತಾನರು ಮಂಡಿಯೂರುವಷ್ಟರಲ್ಲಿ ಎದ್ದು ನಿಂತು, ಜಡ್ಡುಗಟ್ಟಿದ ಮೊಣಕಾಲನ್ನು ಸವರಿಕೊಂಡು, ಪ್ಯಾಂಟಿನ ಧೂಳು ಕೊಡವಿ, ನೇರವಾಗಿ ಕ್ಯಾಮೆರಾ ನೋಡಿ ಈ ಕೆಳಗಿನಂತೆ ನುಡಿದಿರುತ್ತಾರೆ:

“ಅಮ್ಮಾ, ಏನೂ ಆಗಿಲ್ಲ. ಕಾಲು ಜಾರಿತು ಅಷ್ಟೆ. ನೀನು ಊಟ ಮಾಡು.”

ಇದನ್ನು ಕಂಡು ಗಾಬರಿಯಾದ ರಾಕ್ಷಸನು ಒಂದು ಹೆಜ್ಜೆ ಹಿಂದೆ ಸರಿದು, “ಏನಾಯ್ತು ಮೂರಣ್ಣಾ, ಪೆಟ್ಟು ಬಿತ್ತಾ?” ಎಂದು ವಿಚಾರಿಸಿರುವುದು ಧ್ವನಿಮುದ್ರಿಕೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹಿಂದೆ ಸರಿಯುವಾಗ ಬಂಡೆಗೆ ಸಿಕ್ಕಿ ರಾಕ್ಷಸನ ಬೆನ್ನಿನ ಜಿಪ್ ಹರಿದಿರುತ್ತದೆ. ಐದು ಗಂಟೆಗೆ ಕ್ವಾರಿಯವರು ಕಲ್ಲು ಒಡೆಯುವ ಯಂತ್ರ ಶುರುಮಾಡುವವರಿದ್ದರಿಂದ ಗ್ರಹವನ್ನು ಬಿಟ್ಟುಕೊಡಬೇಕಾಗಿ ಬಂದು, ಮರುಚಿತ್ರೀಕರಣ ಸಾಧ್ಯವಾಗಿರುವುದಿಲ್ಲ.

೨. ಪ್ರಸಾರ

ದೃಶ್ಯವನ್ನು ಕತ್ತರಿಸಿ, ಮೂರಣ್ಣನವರು ಬಿದ್ದಲ್ಲಿಗೇ ನಿಲ್ಲಿಸಬಹುದಿತ್ತು. ಹಾಗೆ ಮಾಡದೆ ಅದು ಗುರುವಾರ ಇದ್ದದ್ದು ಇದ್ದಂತೆಯೇ ಪ್ರಸಾರವಾಗಿರುತ್ತದೆ. ನೌಕೆಯೊಳಗಿನ ದೃಶ್ಯಗಳನ್ನು ಸೋಮವಾರವೇ ಮುಗಿಸಿದ್ದರಿಂದ, ಅದರ ಬೆನ್ನಿಗೇ ಕಪ್ತಾನರು ಕಣ್ಣಲ್ಲಿ ನೀರು ತಂದುಕೊಂಡು, “ಇವತ್ತು ನಮ್ಮಲ್ಲೊಬ್ಬ ವಾಪಸ್ ಬರಲಿಲ್ಲ” ಎಂದು ಎರಡು ನಿಮಿಷ ಮಾತಾಡುವ ದೃಶ್ಯವೂ ಬಂದಿರುತ್ತದೆ. ಸಿಬ್ಬಂದಿ ಕೊರತೆಯಿಂದಾಗಿ, ಇಂಥ ದೃಶ್ಯಗಳಲ್ಲಿ ಮೂರಣ್ಣನವರೇ ಟೊಪ್ಪಿ ಹಾಕಿಕೊಂಡು ಬಾಗಿಲ ಬಳಿ ನಿಲ್ಲುವುದು ರೂಢಿ. ಹೀಗಾಗಿ ವಾಪಸ್ ಬರದ ವ್ಯಕ್ತಿಯು ತನ್ನ ಬಗೆಗಿನ ಶೋಕಭಾಷಣವನ್ನು ಕೈಕಟ್ಟಿ, ತಲೆತಗ್ಗಿಸಿ, ಶ್ರದ್ಧೆಯಿಂದ ಕೇಳಿಸಿಕೊಳ್ಳುತ್ತಿರುವುದನ್ನು ಇಡೀ ಊರು ನೋಡಿರುತ್ತದೆ.

ಯಾಕೆ ಕತ್ತರಿಸಲಿಲ್ಲವೆಂದು ಸಂಕಲನದ ಮೇಡಂ ಅವರಿಂದ ಸಮಜಾಯಿಷಿ ಕೇಳಲಾಯಿತು. ಅವರ ಹೇಳಿಕೆಯನ್ನು ಇದ್ದ ಹಾಗೆ ದಾಖಲಿಸಲಾಗಿದೆ: “ಹತ್ತೊಂಬತ್ತು ವರ್ಷದಿಂದ ಆ ಮನುಷ್ಯ ಬೀಳೋದನ್ನ ನಾನೇ ಅಂಟಿಸ್ತಾ ಬಂದಿದ್ದೀನಿ ಸಾರ್. ಎದ್ದಿದ್ದು ಇದೇ ಮೊದಲು. ಕತ್ತರಿ ಹಾಕೋಕೆ ಕೈ ಬರ್ಲಿಲ್ಲ. ಮೆಮೋ ಕೊಡೋದಿದ್ರೆ ಕೊಡಿ, ಸಹಿ ಮಾಡಿ ತಗೋತೀನಿ.” ಮೆಮೋ ನೀಡಲಾಯಿತು. ಸಹಿ ಮಾಡಿ ಪಡೆದಿರುತ್ತಾರೆ.

ವೀಕ್ಷಕರಿಂದ ಮುನ್ನೂರ ಹನ್ನೊಂದು ಪತ್ರಗಳು ಬಂದವು. ಒಂಬತ್ತರಲ್ಲಿ ಬೈಗುಳ. ಉಳಿದ ಮುನ್ನೂರ ಎರಡರಲ್ಲಿ, ಆ ಕಾವಲುಗಾರನ ಹೆಸರೇನು ಎಂದು ಕೇಳಲಾಗಿದೆ. ಎಲ್ಲ ಕಂತುಗಳ ಕಥೆಯ ಪ್ರತಿಗಳನ್ನು ಇಬ್ಬರು ಗುಮಾಸ್ತರು ಮೂರು ದಿನ ಜಾಲಾಡಿದರೂ ಸದರಿ ಪಾತ್ರಕ್ಕೆ ಹೆಸರಿಟ್ಟಿರುವುದು ಕಂಡುಬಂದಿರುವುದಿಲ್ಲ.

೩. ಮೂರಣ್ಣನವರ ಹೇಳಿಕೆ

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರಣ್ಣನವರನ್ನು ಕರೆಸಿ ವಿಚಾರಿಸಲಾಯಿತು. ಕುರ್ಚಿ ತೋರಿಸಿದರೂ ನಿಂತೇ ಮಾತಾಡಿದರು. ಹೇಳಿಕೆಯ ಸಾರಾಂಶ: ಅವರ ತಾಯಿಗೆ ಎಂಬತ್ತೆರಡು. ಮರೆವು ಹತ್ತಿ ಎರಡು ವರ್ಷವಾಯಿತು. ಮೊದಲೆಲ್ಲ ಗುರುವಾರ ಟಿ.ವಿ. ಮುಂದೆ ಕೂತು, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು, “ನೋಡ್ರೇ, ಈಗ ಸಾಯ್ತಾನೆ ನೋಡಿ” ಎಂದು ನಗುತ್ತಿದ್ದರು. ಏಳು ತಿಂಗಳಿಂದ ಅದು ನಾಟಕ ಎಂಬುದು ಮರೆತುಹೋಗಿದೆ.

ಮುಂದಿನದು ಅವರದೇ ಮಾತಿನಲ್ಲಿ: “ಪ್ರತಿ ಗುರುವಾರ ಅವಳ ಮಗ ಸಾಯ್ತಾನೆ ಸಾರ್. ಶುಕ್ರವಾರ ಬೆಳಿಗ್ಗೆವರೆಗೂ ಒಂದು ತುತ್ತು ಬಾಯಿಗೆ ಹಾಕಲ್ಲ. ಶುಕ್ರವಾರ ಮರೆತುಹೋಗುತ್ತೆ. ಮತ್ತೆ ಗುರುವಾರ ಬರುತ್ತೆ. ನಾನು ಎದುರಿಗೇ ಹೋಗಿ ನಿಂತ್ರೂ ನಂಬಲ್ಲ. ಅವಳು ನಂಬೋದು ಟಿ.ವಿ.ನ. ಅದಕ್ಕೇ ಅಲ್ಲೇ ಹೇಳೋಣ ಅನ್ನಿಸ್ತು. ತಪ್ಪಾಯ್ತು.”

ಫಲಿತಾಂಶ ಏನಾಯಿತೆಂದು ಕೇಳಲಾಯಿತು. ಮೂರಣ್ಣನವರು ನೆಲ ನೋಡಿಕೊಂಡು, “‘ನೋಡ್ಕೊಂಡು ನಡಿಬಾರ್ದಾ’ ಅಂತ ಟಿ.ವಿ.ಗೆ ಬೈದ್ಲು ಸಾರ್. ಆಮೇಲೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದ್ಲು” ಎಂದು ತಿಳಿಸಿರುತ್ತಾರೆ.

ಹೇಳಿಕೆಯು ಮನ ಕಲಕುವಂತಿದ್ದರೂ ನಿಯಮಾವಳಿಯಲ್ಲಿ ಮನಕ್ಕೆ ಸಂಬಂಧಿಸಿದ ಅಂಶ ಇಲ್ಲದಿರುವುದರಿಂದ, ಮುಂದಿನ ಕಂತಿನಲ್ಲಿ ತಪ್ಪದೇ ಸಾಯುವಂತೆ ಮೂರಣ್ಣನವರಿಗೆ ಸೂಚಿಸಲಾಯಿತು. “ಆಗ್ಲಿ ಸಾರ್” ಎಂದರು. ೯೪೧ನೆಯ ಕಂತಿನಲ್ಲಿ ಹೇಳಿದ ಹಾಗೆಯೇ ಸತ್ತರು.

೪. ಸ್ಥಳ ಪರಿಶೀಲನೆ

ಹೇಳಿಕೆಯ ಸತ್ಯಾಸತ್ಯತೆ ಪರಿಶೀಲಿಸುವ ಸಲುವಾಗಿ, ಸದರಿ ಕಂತು ಪ್ರಸಾರವಾಗುವ ಹದಿನಾಲ್ಕನೆಯ ತಾರೀಖು ಗುರುವಾರ ಸಂಜೆ, ಕೆಳಗೆ ಸಹಿ ಮಾಡಿರುವವರು ಮೂರಣ್ಣನವರ ಮನೆಗೆ ಖುದ್ದಾಗಿ ಭೇಟಿ ನೀಡಿದರು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಸ್ಟೂಲಿನ ಮೇಲೆ ಟಿ.ವಿ., ಅದರ ಮೇಲೆ ಹೊಲಿದ ಹೊದಿಕೆ. ಬೆತ್ತದ ಕುರ್ಚಿಯಲ್ಲಿ ತಾಯಿಯವರು. ಹೊಲಿಗೆ ಯಂತ್ರದ ಮುಂದೆ ಸೊಸೆ.

ಟಿ.ವಿ. ಹಾಕದೇ ಇರಬಹುದಲ್ಲ ಎಂದು ಸೊಸೆಯವರನ್ನು ಕೇಳಲಾಯಿತು. “ಒಂದು ವಾರ ಹಾಕ್ದೇ ನೋಡಿದ್ವಿ ಸಾರ್,” ಎಂದರು. “ಹೋಗಿ ಬಾಗಿಲಲ್ಲಿ ಕೂತ್ಬಿಟ್ರು. ಇವತ್ತು ಗುರುವಾರ ಅಲ್ವಾ, ಅವನು ಬರೋ ದಿನ, ಯಾಕಿನ್ನೂ ಬರ್ಲಿಲ್ಲ ಅಂತ. ಅತ್ತೆ ಅಳೋದಾದ್ರೂ ನೋಡಬಹುದು, ಆ ಕಾಯೋದು ನೋಡೋಕಾಗಲ್ಲ.”

ಏಳು ಗಂಟೆ ಒಂಬತ್ತು ನಿಮಿಷಕ್ಕೆ ಮೂರಣ್ಣನವರು ಬಳ್ಳಿಯೊಂದು ಕುತ್ತಿಗೆಗೆ ಸುತ್ತಿಕೊಂಡು ಸತ್ತರು. “ಅಯ್ಯೋ ನನ್ನಪ್ಪಾ” ಎಂದು ತಾಯಿಯವರು ಎರಡೂ ಕೈ ಚಾಚಿ ಏಳಲು ಹೋದರು. ಒಳಗೆ ತರಕಾರಿ ಹೆಚ್ಚುತ್ತಿದ್ದ ಮೂರಣ್ಣನವರು ಕೈ ಒರೆಸಿಕೊಳ್ಳುತ್ತ ಓಡಿಬಂದು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು.

“ಅಮ್ಮಾ, ಇಲ್ಲಿದ್ದೀನಿ ನೋಡು.”

ತಾಯಿಯವರು ಅವರ ಮುಖವನ್ನು ಬಹಳ ಹೊತ್ತು ನೋಡಿದರು. “ನೀನ್ಯಾರಪ್ಪಾ? ಥೇಟ್ ಅವನ ಹಾಗೇ ಇದ್ದೀಯ. ಆದ್ರೆ ನನ್ನ ಮಗ ಈಗ ತಾನೇ ಅಲ್ಲಿ ಹೋಗ್ಬಿಟ್ನಲ್ಲ.”

ಸದರಿ ಧಾರಾವಾಹಿಯಲ್ಲಿ ಅಸಲಿ ಮನುಷ್ಯನ ಜಾಗದಲ್ಲಿ ಥೇಟ್ ಅವನಂತೆಯೇ ಇರುವ ನಕಲಿ ಬಂದು ಕೂರುವ ಕಥೆಯನ್ನು ಈ ಇಲಾಖೆಯೇ ಹದಿನೇಳು ಬಾರಿ ಪ್ರಸಾರ ಮಾಡಿರುವುದರಿಂದ, ತಾಯಿಯವರ ಅನುಮಾನವನ್ನು ಆಧಾರರಹಿತವೆಂದು ತಳ್ಳಿಹಾಕಲು ಬರುವುದಿಲ್ಲ. ಕಥೆಗಳಲ್ಲಿ ಅಸಲಿಯನ್ನು ಗುರುತಿಸಲು, ಅವನಿಗೊಬ್ಬನಿಗೇ ಗೊತ್ತಿರುವ ಬಾಲ್ಯದ ಸಂಗತಿಯೊಂದನ್ನು ಕೇಳುವ ಪದ್ಧತಿ ಇದೆ. ಮೂರಣ್ಣನವರು ಅದನ್ನೂ ಪ್ರಯತ್ನಿಸಿದರು. ಬಾಲ್ಯದಲ್ಲಿ ನೀರಿನ ಡ್ರಮ್ಮಿಗೆ ಬಿದ್ದಿದ್ದನ್ನು ಹೇಳಿದರು. ಆದರೆ ಆ ಸಂಗತಿ ಈಗ ಅವರೊಬ್ಬರಿಗೇ ಗೊತ್ತಿರುವುದಾಗಿ ಕಂಡುಬಂದಿತು.

ನಂತರ ತಾಯಿಯವರ ದೃಷ್ಟಿ ಕೆಳಗೆ ಸಹಿ ಮಾಡಿರುವವರ ಕಡೆ ಹರಿಯಿತು.

“ನೀವು ಯಾರು?”

“ಇಲಾಖೆಯಿಂದ ಬಂದಿದ್ದೀನಿ, ತಾಯಿ.”

“ಅವನನ್ನ ಅಲ್ಲಿಗೆ ಕಳಿಸೋದು ನೀವೇನಾ?”

ಹೌದೆಂದು ಒಪ್ಪಿಕೊಳ್ಳಲಾಯಿತು.

“ಪ್ರತಿ ಸಲ ಇವನೇ ಯಾಕೆ ಮುಂದೆ ಹೋಗ್ಬೇಕು? ಆ ಭುಜದ ಮೇಲೆ ಪಟ್ಟಿ ಹಾಕ್ಕೊಂಡಿರೋನು ಹಿಂದೆ ನಿಂತ್ಕೊಂಡು ಬೆರಳು ತೋರಿಸ್ತಾನೆ. ಯಾಕೆ, ಅವನಿಗೆ ಕಾಲಿಲ್ವಾ?”

ಈ ಪ್ರಶ್ನೆಯನ್ನು ಕಡತದಲ್ಲಿ ಬರೆದುಕೊಳ್ಳಲಾಯಿತು. ಕೊಟ್ಟ ಟೀ ಕುಡಿಯದೆ ಕೆಳಗೆ ಸಹಿ ಮಾಡಿರುವವರು ಮೆಟ್ಟಿಲಿಳಿದು ಬಂದಿರುವುದನ್ನು ವರದಿಯಲ್ಲಿ ನಮೂದಿಸಲಾಗಿದೆ.

೫. ಸಭೆ ಮತ್ತು ತೀರ್ಮಾನಗಳು

ಶುಕ್ರವಾರ ಬೆಳಿಗ್ಗೆ ತುರ್ತು ಸಭೆ ಕರೆಯಲಾಯಿತು. ಕಥೆ ಬರೆಯುವವರು ತಲೆಮೇಲೆ ಕೈಹೊತ್ತು, “ಯಾರೂ ಸಾಯ್ದೇ ಇದ್ರೆ ಆ ಗ್ರಹ ಅಪಾಯ ಅಂತ ಜನಕ್ಕೆ ಹೇಗೆ ಸಾರ್ ಗೊತ್ತಾಗುತ್ತೆ?” ಎಂದರು. ಕಪ್ತಾನರು ತಮ್ಮ ಹನ್ನೊಂದು ಪುಟಗಳ ಪತ್ರದಲ್ಲಿದ್ದುದನ್ನೇ ಬಾಯಲ್ಲಿಯೂ ಹೇಳಿದರು: “ನನ್ನ ಶೋಕದ ಮಾತಿಗೆ ಅಂತಾನೇ ಜನ ಕಾಯ್ತಾರೆ. ಈಗ ನಾನು ಯಾರಿಗೆ ಅಂತ ಅಳ್ಲಿ?”

ತಾಯಿಯವರ ಪ್ರಶ್ನೆಯನ್ನು ಸಭೆಯಲ್ಲಿ ಓದಿ ಹೇಳಲಾಯಿತು.

ಕಪ್ತಾನರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. “ಕಾಲಿಲ್ವಾ ಅಂದ್ರಾ?” ಎಂದು ಕೇಳಿದರು. ಹೌದೆಂದು ತಿಳಿಸಲಾಯಿತು. “ನನ್ನನ್ನೇನಾ?” ಎಂದರು. ಪಟ್ಟಿ ಇರುವವರು ನೀವೊಬ್ಬರೇ ಎಂದು ತಿಳಿಸಲಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, “ಮುಂದಿನ ವಾರ ನಾನೇ ಮುಂದೆ ಹೋಗ್ತೀನಿ, ಬರ್ಕೊಳ್ಳಿ” ಎಂದರು. ಬರೆದುಕೊಳ್ಳಲಾಯಿತು.

ಅದರನ್ವಯ ಸಮಸ್ತ ಸಿಬ್ಬಂದಿಗೆ ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಇನ್ನು ಮುಂದೆ ಗ್ರಹದಲ್ಲಿ ಅಪಾಯವಿರುವುದನ್ನು ಯಾರನ್ನೂ ಸಾಯಿಸದೆ ತಿಳಿಸತಕ್ಕದ್ದು. ಅದಕ್ಕಾಗಿ ನೌಕೆ ಇಳಿಯುವ ಜಾಗದಲ್ಲಿ ‘ಅಪಾಯ’ ಎಂಬ ಫಲಕ ನೆಡತಕ್ಕದ್ದು. ಮನುಷ್ಯರು ಕಾಲಿಡದ ಗ್ರಹದಲ್ಲಿ ಫಲಕ ನೆಟ್ಟವರು ಯಾರು ಎಂದು ಪಾತ್ರಗಳು ಪರಸ್ಪರ ಕೇಳಿಕೊಳ್ಳತಕ್ಕದ್ದಲ್ಲ.

(ಆ) ರಾಕ್ಷಸರು, ಅನ್ಯಗ್ರಹದವರು ಹಾಗೂ ಮಾತಾಡುವ ಮೋಡಗಳು ನೌಕೆಯ ಸಿಬ್ಬಂದಿಯನ್ನು ಅಣ್ಣಾ, ಅಕ್ಕಾ, ಸಾರ್ ಎಂದು ಸಂಬೋಧಿಸತಕ್ಕದ್ದಲ್ಲ. ಪೆಟ್ಟಾಯಿತೇ ಎಂದು ವಿಚಾರಿಸಲೇಬೇಕಾದಲ್ಲಿ ಗುರುಗುಟ್ಟುವ ಮೂಲಕ ವಿಚಾರಿಸುವುದು.

(ಇ) ನೌಕೆಗೆ ಏಟು ಬಿದ್ದಾಗ ಎಲ್ಲರೂ ಒಂದೇ ದಿಕ್ಕಿಗೆ, ಅಂದರೆ ಕಿಟಕಿಯ ಕಡೆಗೆ ವಾಲತಕ್ಕದ್ದು. ೯೩೮ನೆಯ ಕಂತಿನಲ್ಲಿ ವೈದ್ಯರು ಬಾಗಿಲ ಕಡೆಗೂ ವಿಜ್ಞಾನಿ ಕಿಟಕಿಯ ಕಡೆಗೂ ವಾಲಿ ನಡುವೆ ಡಿಕ್ಕಿಯಾಗಿರುತ್ತದೆ. ಕುರ್ಚಿಗಳಿಗೆ ಬೆಲ್ಟ್ ಹಾಕಿಸಿಕೊಡಿ ಎಂಬ ಬೇಡಿಕೆಯನ್ನು, ಬೆಲ್ಟ್ ಇದ್ದರೆ ಬೀಳಲಾಗುವುದಿಲ್ಲ ಎಂಬ ಕಾರಣಕ್ಕೆ ಹತ್ತನೆಯ ಬಾರಿ ತಿರಸ್ಕರಿಸಲಾಗಿದೆ.

(ಈ) ಎಂಜಿನ್ ರಿಪೇರಿಗೆ ಎಷ್ಟು ಹೊತ್ತು ಬೇಕೆಂದು ಕಪ್ತಾನರು ಕೇಳಿದರೆ ಮೆಕ್ಯಾನಿಕ್‌ನವರು ಎಂಟು ಗಂಟೆ ಎನ್ನತಕ್ಕದ್ದು. ಕಪ್ತಾನರು ಹತ್ತು ನಿಮಿಷ ಕೊಡತಕ್ಕದ್ದು. ರಿಪೇರಿ ಒಂಬತ್ತು ನಿಮಿಷದಲ್ಲಿ ಆಗತಕ್ಕದ್ದು. ಸದರಿ ಮೆಕ್ಯಾನಿಕ್‌ನವರು ಇದೇ ಕಟ್ಟಡದ ಲಿಫ್ಟ್ ಅನ್ನೂ ನೋಡಿಕೊಳ್ಳುತ್ತಿದ್ದು, ಅಲ್ಲಿ ಈ ವೇಗ ಕಂಡುಬರದಿರುವ ಬಗ್ಗೆ ಪ್ರತ್ಯೇಕ ಪತ್ರ ವ್ಯವಹಾರ ನಡೆಯುತ್ತಿದೆ.

(ಉ) ಬಾಂಬಿನ ಗಡಿಯಾರವನ್ನು ಒಂದು ಸೆಕೆಂಡು ಉಳಿದಿರುವಾಗ ಮಾತ್ರ ನಿಲ್ಲಿಸತಕ್ಕದ್ದು. ಇತ್ತೀಚೆಗೆ ಎಲೆಕ್ಟ್ರಿಷಿಯನ್‌ನವರು ಊಟದ ಹೊತ್ತಾಯಿತೆಂದು ಹದಿನಾಲ್ಕು ಸೆಕೆಂಡು ಇರುವಾಗಲೇ ನಿಲ್ಲಿಸಿದ್ದರಿಂದ ತಮಗೆ ಮೋಸವಾಗಿದೆಯೆಂದು ವೀಕ್ಷಕರೊಬ್ಬರು ಬರೆದಿರುತ್ತಾರೆ.

(ಊ) ಒಂದು ಪಾತ್ರ ಎರಡಾದಾಗ ಗಡ್ಡ ಇರುವವನೇ ಕೆಟ್ಟವನೆಂದು ಭಾವಿಸತಕ್ಕದ್ದು. ಗಡ್ಡವನ್ನು ಸಂಜೆ ಆರರೊಳಗೆ ಮೇಕಪ್ ಕೋಣೆಗೆ ಮರಳಿಸತಕ್ಕದ್ದು. ಕೆಟ್ಟ ಕಪ್ತಾನರು ಗಡ್ಡದ ಸಮೇತ ಮನೆಗೆ ಹೋಗಿ ಹೆಂಡತಿಯವರಿಂದ ಬಾಗಿಲಲ್ಲೇ ತಡೆಹಿಡಿಯಲ್ಪಟ್ಟ ಪ್ರಕರಣಕ್ಕೆ ಇಲಾಖೆ ಜವಾಬ್ದಾರಿಯಲ್ಲ.

(ಋ) ಇಡೀ ಗ್ರಹವನ್ನು ಆಳುವ ಗಣಕಯಂತ್ರವನ್ನು ಒಂದು ಕಠಿಣ ಪ್ರಶ್ನೆ ಕೇಳಿ ಹೊಗೆ ಬರಿಸುವಾಗ, ಪ್ರಶ್ನೆಯ ಎರಡು ಪ್ರತಿಗಳನ್ನು ಮುಂಚಿತವಾಗಿ ಕಚೇರಿಗೆ ಸಲ್ಲಿಸತಕ್ಕದ್ದು. “ಅವನಿಗೆ ಕಾಲಿಲ್ವಾ” ಎಂಬ ಪ್ರಶ್ನೆಯನ್ನು ಬಳಸಲು ಕಥೆ ಬರೆಯುವವರು ಕೋರಿರುವ ಅನುಮತಿಯನ್ನು ನೀಡಲಾಗಿದೆ.

೬. ಆದೇಶ ಜಾರಿಯಾದ ಬಗೆ

೯೪೨ನೆಯ ಕಂತಿನಲ್ಲಿ ಕಪ್ತಾನರು ಮಾತಿನಂತೆ ಎಲ್ಲರಿಗಿಂತ ಮುಂದೆ ನಡೆದರು. ಹತ್ತೊಂಬತ್ತು ವರ್ಷಗಳಲ್ಲಿ ಇದೇ ಮೊದಲಾದ್ದರಿಂದ ದಾರಿ ತಿಳಿಯದೆ ಜಲ್ಲಿಯ ಮೇಲೆ ಕಾಲಿಟ್ಟು ಪಾದ ಉಳುಕಿಸಿಕೊಂಡರು. ಮೂರಣ್ಣನವರು ಅವರನ್ನು ಹೆಗಲ ಮೇಲೆ ಆನಿಸಿಕೊಂಡು ನೌಕೆಗೆ ಕರೆತಂದರು. ಇದು ಕಥೆಯಲ್ಲಿರಲಿಲ್ಲ. ಸಂಕಲನದ ಮೇಡಂ ಇದನ್ನೂ ಕತ್ತರಿಸಲಿಲ್ಲ. ಈ ಬಾರಿ ಮೆಮೋ ನೀಡಲಾಗಿಲ್ಲ.

ಮನೆಯ ಕಡೆಯ ಪರಿಣಾಮವನ್ನು ಮೂರಣ್ಣನವರು ಮರುದಿನ ಬಂದು ವರದಿ ಮಾಡಿದರು. ಈ ಬಾರಿ ಕುರ್ಚಿಯಲ್ಲಿ ಕೂತರು. “ನಾನು ಅವಳ ಪಕ್ಕದಲ್ಲೇ ಕೂತಿದ್ದೆ ಸಾರ್. ನಾನ್ಯಾರು ಅಂತ ಗೊತ್ತಾಗ್ಲಿಲ್ಲ. ಯಾರೋ ಬಂದಿದ್ದಾರೆ ಅಂದ್ಕೊಂಡು, ‘ಕೂತ್ಕೊಳ್ಳಿ, ನನ್ನ ಮಗ ಬರ್ತಾನೆ, ನೋಡ್ಕೊಂಡು ಹೋಗಿ’ ಅಂದ್ಲು. ಇಬ್ರೂ ಕಾದ್ವಿ. ನಾನು ಬಂದೆ. ‘ನೋಡಿದ್ರಾ? ಅಷ್ಟು ದಪ್ಪ ಮನುಷ್ಯನ್ನ ಹೊತ್ಕೊಂಡು ಬರ್ತಿದಾನೆ’ ಅಂತ ನನ್ನ ಕೈ ಹಿಡ್ಕೊಂಡ್ಳು. ಹಿಡ್ಕೊಂಡೇ ಇದ್ಲು.”

ಅಳಲಿಲ್ಲವೇ ಎಂದು ಕೇಳಲಾಯಿತು.

“ಅವಳು ಅಳ್ಲಿಲ್ಲ ಸಾರ್.”

ದಪ್ಪ ಮನುಷ್ಯ ಎಂಬ ಪದವನ್ನು ಕಪ್ತಾನರಿಗೆ ಕಳಿಸುವ ಪ್ರತಿಯಿಂದ ತೆಗೆಯಲು ಸೂಚಿಸಲಾಗಿತ್ತು. ಬೆರಳಚ್ಚುಗಾರರ ಕಣ್ತಪ್ಪಿನಿಂದ ಹಾಗೇ ಹೋಗಿರುತ್ತದೆ.

೭. ನಿವೃತ್ತಿಯಿಂದ ಉದ್ಭವಿಸುವ ಸಮಸ್ಯೆ

ಮೂರಣ್ಣನವರು ಎದ್ದು ಬಾಗಿಲವರೆಗೆ ಹೋಗಿ ಮತ್ತೆ ಹಿಂದಿರುಗಿ, ಮೂವತ್ತರ ನಂತರದ ಗುರುವಾರಗಳ ಗತಿಯೇನು ಎಂದು ಕೇಳಿದರು. ನಿವೃತ್ತರಾದವರು ಧಾರಾವಾಹಿಯಲ್ಲಿ ನಟಿಸಲು ಅವಕಾಶವಿಲ್ಲ. ಸತ್ತವರು ಮುಂದಿನ ವಾರ ಬರಬಹುದು, ನಿವೃತ್ತರಾದವರು ಬರುವಂತಿಲ್ಲ ಎಂಬುದೇ ನಿಯಮ. ತಾಯಿಯವರು ಮತ್ತೆ ಬಾಗಿಲಲ್ಲಿ ಹೋಗಿ ಕೂರುವರು. ಈ ವಿಷಯ ಕ್ಯಾಂಟೀನಿನ ಮೂಲಕ ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಗೊತ್ತಾಗಿರುತ್ತದೆ.

ಯಾರ ಆದೇಶವೂ ಇಲ್ಲದೆ, ಇಪ್ಪತ್ತೇಳನೆಯ ತಾರೀಖು ಬುಧವಾರ, ೯೪೩ನೆಯ ಕಂತಿನ ಕೆಲಸ ಮಧ್ಯಾಹ್ನವೇ ಮುಗಿದ ಬಳಿಕ, ಒಬ್ಬರೂ ಮನೆಗೆ ಹೋಗದೆ ನೌಕೆಯ ಓಣಿಯ ಸೆಟ್‌ನಲ್ಲಿ ಉಳಿದುಕೊಂಡಿರುವುದು ಕೆಳಗೆ ಸಹಿ ಮಾಡಿರುವವರ ಗಮನಕ್ಕೆ ಬಂದಿತು. ಹೋಗಿ ನೋಡಲಾಗಿ, ಕಪ್ತಾನರು ಪಟ್ಟಿ ಕಟ್ಟಿದ ಪಾದದೊಡನೆ, ಚಾಲೂ ಇದ್ದ ಕ್ಯಾಮೆರಾದ ಮುಂದೆ ಕುರ್ಚಿಯಲ್ಲಿ ಕೂತು ಯಾವುದೋ ಗ್ರಹದ ಬಗ್ಗೆ ಮಾತಾಡುವಂತೆ ಬಾಯಾಡಿಸುತ್ತಿದ್ದು, ಅವರ ಹಿಂದಿನಿಂದ ಮೂರಣ್ಣನವರು ಓಣಿಯ ಈ ತುದಿಯಿಂದ ಆ ತುದಿಗೆ ನಡೆದುಹೋಗುತ್ತಿದ್ದರು. ಅಷ್ಟೆ. ಹೋದರು, ಬಟ್ಟೆ ಬದಲಿಸಿಕೊಂಡು ಮತ್ತೆ ಬಂದರು, ಮತ್ತೆ ಹೋದರು. ಒಮ್ಮೆ ಕೈಯಲ್ಲಿ ಕಡತ, ಒಮ್ಮೆ ಟೀ ಲೋಟ, ಒಮ್ಮೆ ಏಣಿ, ಒಮ್ಮೆ ರಾಕ್ಷಸನ ಇಸ್ತ್ರಿ ಮಾಡಿದ ಚರ್ಮ. ಬಾಗಿಲಿನ ಎರಡು ಪಕ್ಕದಲ್ಲಿ ಹಗ್ಗ ಹಿಡಿದಿದ್ದ ಬಡಗಿ ಮತ್ತು ಎಲೆಕ್ಟ್ರಿಷಿಯನ್ ಪ್ರತಿ ಸಲವೂ ಬಾಗಿಲು ಎಳೆದರು. ಬಾಗಿಲಿನ ‘ಸುಂಯ್’ ಶಬ್ದವನ್ನು ಕಥೆ ಬರೆಯುವವರು ಬಾಯಲ್ಲೇ ಮಾಡಿದರು.

ಹೀಗೆ ಕತ್ತಲಾಗುವುದರೊಳಗೆ ತೊಂಬತ್ತಾರು ಸಲ ನಡೆದಿರುತ್ತಾರೆ. ಕೊನೆಯಲ್ಲಿ ಸಂಕಲನದ ಮೇಡಂ, “ಎಲ್ಲದರಲ್ಲೂ ನೆಲ ನೋಡ್ಕೊಂಡು ಹೋಗ್ತಿದ್ದೀರಲ್ಲ ಮೂರಣ್ಣ, ಒಂದು ಸಲ ಈ ಕಡೆ ನೋಡಿ” ಎಂದರು. ತೊಂಬತ್ತಾರನೆಯ ಸಲ ಅವರು ಓಣಿಯ ನಡುವೆ ನಿಂತು, ಈ ಕಡೆ ತಿರುಗಿ, ಏನು ಮಾಡಬೇಕೆಂದು ತೋಚದೆ ನಕ್ಕರು. ಆ ನಗು ಅವರಿಗೆ ರೂಢಿಯಿಲ್ಲದ್ದು ಎಂಬುದು ಚಿತ್ರದಲ್ಲಿ ಕಾಣುತ್ತದೆ.

ಅನುಮತಿಯಿಲ್ಲದೆ ಇಲಾಖೆಯ ಓಣಿ, ಏಣಿ ಹಾಗೂ ಕಪ್ತಾನರನ್ನು ಬಳಸಿರುವುದು ಗಂಭೀರ ಲೋಪವಾಗಿದ್ದು, ಈ ಮೂಲಕ ಅನುಮತಿಯನ್ನು ಹಿಂದಿನ ತಾರೀಖಿನಿಂದ ನೀಡಲಾಗಿದೆ.

೮. ಮುಂದುವರಿದು, ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ೯೪೪ನೆಯ ಕಂತಿನಿಂದ ಪ್ರತಿ ಕಂತಿನಲ್ಲೂ, ಏಳು ಗಂಟೆ ಒಂಬತ್ತು ನಿಮಿಷಕ್ಕೆ ಸರಿಯಾಗಿ, ಕಥೆ ಎಲ್ಲೇ ಇರಲಿ, ಮೂರನೆಯ ಕಾವಲುಗಾರನು ಓಣಿಯಲ್ಲಿ ಒಮ್ಮೆ ಜೀವಂತವಾಗಿ ನಡೆದುಹೋಗತಕ್ಕದ್ದು.

(ಆ) ನೌಕೆಯು ಸ್ಫೋಟಗೊಳ್ಳುವ ಕಂತಿನಲ್ಲಿ, ಸ್ಫೋಟವನ್ನು ಅವರು ದಾಟಿ ಹೋಗುವವರೆಗೆ ತಡೆಹಿಡಿಯತಕ್ಕದ್ದು.

(ಇ) ಹೆಸರು ಕೇಳಿ ಬರೆದಿರುವ ಮುನ್ನೂರ ಎರಡು ಮಂದಿ ವೀಕ್ಷಕರಿಗೆ, ‘ಮೂರಣ್ಣ’ ಎಂದು ಉತ್ತರಿಸತಕ್ಕದ್ದು.

(ಈ) ತೊಂಬತ್ತಾರು ದೃಶ್ಯಗಳು ಮುಗಿದ ಬಳಿಕ ಪುನಃ ಮೊದಲನೆಯದರಿಂದ ಬಳಸತಕ್ಕದ್ದು. ಹಿಂದೆ ನೋಡಿದ್ದು ನೆನಪಿರುವ ಸಾಧ್ಯತೆ ಇಲ್ಲವೆಂದು ಕುಟುಂಬದವರು ತಿಳಿಸಿರುತ್ತಾರೆ.

(ಸಹಿ/-)
ಅಧೀಕ್ಷಕರು
ಬಾಹ್ಯಾಕಾಶ ಶಾಖೆ

ಪ್ರತಿಗಳು:
೧. ಕಪ್ತಾನರಿಗೆ – ಪಾದ ವಾಸಿಯಾದ ನಂತರ ಪಾಲಿಸಲು.
೨. ಕಥೆ ಬರೆಯುವವರಿಗೆ – ಓದಿದ್ದಕ್ಕೆ ಸಹಿ ಪಡೆಯತಕ್ಕದ್ದು.
೩. ಸಂಕಲನದ ಮೇಡಂ ಅವರಿಗೆ – ಕತ್ತರಿಸದೆ ಇಟ್ಟುಕೊಳ್ಳಲು.
೪. ಬಡಗಿಯವರಿಗೆ – ರಾಕ್ಷಸನ ಒಳಜೇಬಿನಲ್ಲಿ ಇರಿಸಿಕೊಳ್ಳಲು. (ಹೊಸ ಜಿಪ್ ಲಗತ್ತಿಸಿದೆ.)
೫. ಕಲ್ಲುಕ್ವಾರಿಯ ಮೇಸ್ತ್ರಿಯವರಿಗೆ – ಗ್ರಹವನ್ನು ಬುಧವಾರಗಳಂದು ಗುಡಿಸಿಡಲು.
೬. ಮೂರಣ್ಣನವರಿಗೆ – ನಾಳೆಯಿಂದ ಮನೆಯ ವಿಳಾಸಕ್ಕೆ.
೭. ಮೂರಣ್ಣನವರ ತಾಯಿಯವರಿಗೆ – ಇದನ್ನು ಓದಿ ಹೇಳುವ ಸಲುವಾಗಿ, ಕೆಳಗೆ ಸಹಿ ಮಾಡಿರುವವರು ಪ್ರತಿ ಗುರುವಾರ ಸಂಜೆ ಆರೂ ಮುಕ್ಕಾಲಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಕೊಟ್ಟ ಟೀ ಕುಡಿಯತಕ್ಕದ್ದು.
೮. ಕಚೇರಿ ಪ್ರತಿ.